ಕಂಕುಳಾಗ ಸಡಲ ಇರಲಿ

ಮೊನ್ನೆ ಬಿಸಿಲು ಚೆನ್ನಾಗಿ ಬಿದ್ದಿದೆ ಎಂದು ನನ್ನ ಸೊಸೆ ಹಳೆಯ ಟ್ರಂಕನ್ನು ಅಂಗಳಕ್ಕೆ ಎಳೆದು ತಂದು ಒಂದೊಂದೇ ಬಟ್ಟೆ ಹರವುತ್ತಿದ್ದಳು. ತಳದಲ್ಲಿ ಹಸಿರು ಖಣದ ಒಂದು ಕುಂಚಿಗೆ ಸಿಕ್ಕಿತು. ಕುಂಚಿಗೆ ನಿಮಗೆ ಗೊತ್ತಲ್ಲ, ಕೂಸಿನ ತಲೆಗೆ ಟೋಪಿಯಾಗಿ ಕೂತು ಬೆನ್ನ ಮೇಲೆ ಸೆರಗಿನಂತೆ ಇಳಿಯುವಂಥದ್ದು. ಈ ಕುಂಚಿಗೆಯ ಬೆನ್ನಿನಲ್ಲಿ ಎರಡು ಚೌಕ ತೂತು. ಇಲಿ ಎಷ್ಟೇ ಜಾಣ ಇದ್ದರೂ ಚೌಕವಾಗಿ ಕಡಿಯುವುದಿಲ್ಲ.

“ಅತ್ತಿ, ಕೂಸಿನ ಬೆನ್ನಿಗೆ ಕಿಡಕಿ ಯಾಕ ಇಟ್ಟೀರಿ?” ಎಂದಳು.

“ಗಾಳಿ ಆಡ್ಲಿ ಅಂತ.”

“ಒಗದ ಬಿಡ್ಲೇನ್ರಿ? ಯಾರಿಗೂ ಬರೂದಿಲ್ಲ ಇದು.”

“ಇದ್ದಲ್ಲೇ ಇಡು. ನೀ ಈ ಮನಿಗೆ ಬರೂಕಿಂತ ಮೊದಲಿಂದ ಐತಿ ಅದು.”

ಅವಳು ಮಡಚಿ ಇಟ್ಟಳು. ಆದರೆ ಅಂದಿನಿಂದ ಆ ಎರಡು ಕಿಡಕಿಯಲ್ಲಿ ಯಾರು ಯಾರೋ ಇಣುಕುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ. ಬರೆಯುವುದು ನನಗೆ ಹೊಲಿದಷ್ಟು ಸಲೀಸಲ್ಲ. ಅಕ್ಷರ ಕಲಿತಿದ್ದೇ ಮಕ್ಕಳ ಮದುವೆಯಾದ ಮೇಲೆ. ನಾನು ‘ಐತಿ’ ಎಂದು ಬರೆದರೆ ಸೊಸೆ ‘ಇದೆ’ ಎಂದು ತಿದ್ದುತ್ತಾಳೆ. ತಿದ್ದಲಿ. ಅವಳು ಹೊಲಿದ ಗುಂಡಿಯನ್ನು ನಾನೂ ಬಿಚ್ಚಿ ಮತ್ತೆ ಹಚ್ಚುತ್ತೇನೆ.

ನಾನು ಸಿಂದಗಿಯಲ್ಲಿ ಕುಬಸ ಹೊಲಿಯುವವಳು. ಬ್ಲೌಜು ಅಲ್ಲ, ಕುಬಸ. ಅಂಚು ನೇಯ್ದ ಖಣದ ಬಟ್ಟೆಯದ್ದು, ಎದೆಯ ಕೆಳಗೆ ಗಂಟು ಹಾಕುವಂಥದ್ದು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೈಯಿಂದ ತಿರುಗಿಸುವ ಒಂದು ಮಷಿನ್ ಇಟ್ಟುಕೊಂಡು ಕೂತವಳು. ಒಂದು ಕಡೆ ಬಿಜಾಪುರದ ಬಸ್ಸು, ಇನ್ನೊಂದು ಕಡೆ ಗುಲಬರ್ಗಾದ ಬಸ್ಸು ಹೊಗೆ ಬಿಡುತ್ತಿದ್ದವು. ನನ್ನ ಖಣಗಳೆಲ್ಲ ಗಿರಾಕಿಯ ಮನೆ ಸೇರುವ ಹೊತ್ತಿಗೆ ಅರ್ಧ ಪ್ರವಾಸ ಮಾಡಿದಂತೆ ವಾಸನೆ ಬರುತ್ತಿದ್ದವು.

ಖಣದ ವಾಸನೆ ಅಂದಾಗ ನನಗೆ ನಿಂಬೆಹಣ್ಣು ನೆನಪಾಗುತ್ತದೆ. ನನ್ನ ತವರು ಹಲಸಂಗಿಯ ಕಡೆ. ಇಂಡಿ ಸಂತೆಗೆ ಅವ್ವನ ಜೊತೆ ಹೋದರೆ ನಿಂಬೆಹಣ್ಣಿನ ರಾಶಿಯ ಮಗ್ಗುಲಲ್ಲೇ ಖಣದವನು ಕೂರುತ್ತಿದ್ದ. ಮೂರು ಮೂಲೆಯಾಗಿ ಮಡಚಿದ ಖಣಗಳನ್ನು ಒಂದರ ಮೇಲೊಂದು ಒಟ್ಟಿರುತ್ತಿದ್ದ. ಅವ್ವ ಒಂದೊಂದನ್ನೂ ಉಜ್ಜಿ, ಎಳೆದು, ಮೂಸಿ, ಕೊನೆಗೆ ಏನನ್ನೂ ಕೊಳ್ಳದೆ ನಿಂಬೆಹಣ್ಣು ಕೊಂಡು ಬರುತ್ತಿದ್ದಳು. ಹೊಸ ಬಟ್ಟೆ ಎಂದರೆ ಹುಳಿ ವಾಸನೆ ಎಂದೇ ನಾನು ತಿಳಿದಿದ್ದೆ.

ಒಮ್ಮೆ ಮನಸ್ಸು ಮಾಡಿ ಒಂದು ಖಣ ಕೊಂಡಳು. ನನಗಲ್ಲ, ಅವಳಿಗೆ. ಅವಳು ಹೊಲಕ್ಕೆ ಹೋದಾಗ ನಾನು ಅದನ್ನು ಕತ್ತರಿಸಿ ನಮ್ಮ ಆಡಿಗೆ ಕುಬಸ ಹೊಲಿದೆ. ಗೊಂಬೆಗೆ ಹೊಲಿಯುವ ಹುಡುಗಿಯರು ಬೇರೆ. ನನಗೆ ತೊಡಿಸಿದರೆ ಓಡಾಡುವಂಥದ್ದು ಬೇಕಿತ್ತು. ಆಡೂ ಓಡಾಡಿತು. ಹಿರಿಯರು ಕೂತ ಕಟ್ಟೆಯ ಮುಂದೆ ಹಾದು ಹೋಯಿತು. ಅಲ್ಲಿದ್ದ ಒಬ್ಬ ಮುದುಕ, “ಇದ್ಯಾರ ಮನಿ ಸೊಸೀಪಾ? ತಲಿ ಮ್ಯಾಲ ಸೆರಗಿಲ್ಲ!” ಎಂದನಂತೆ. ಆಮೇಲೆ ಬೇವಿನ ಎಲೆ ಕಂಡು ಅದು ಮುಂಗಾಲು ಎತ್ತಿ ನಿಂತಾಗ ಕಂಕುಳಲ್ಲಿ ಪರ್ರೆಂದು ಹರಿಯಿತು. ಅವ್ವ ಬೆನ್ನಿಗೆ ನಾಲ್ಕು ಬಿಟ್ಟಳು. ಬಿಟ್ಟ ಮೇಲೆ ಹರಿದ ಕುಬಸವನ್ನು ತಿರುವಿ ಒಳಮಗ್ಗುಲು ನೋಡಿದಳು. “ಹೊಲಿಗಿ ನೆಟ್ಟಗ ಹಾಕ್ಯಾಳ ಹಡಬಿಟ್ಟಿ,” ಎಂದಳು. ನನ್ನ ಜೀವನದಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಕಂಕುಳಿನ ಪಾಠವನ್ನು ಆ ಆಡು ನನಗೆ ಆಗಲೇ ಹೇಳಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ನಮ್ಮ ಕೆಲಸದಲ್ಲಿ ಅಳತೆ ಪಟ್ಟಿ ಹಿಡಿದು ಮೈ ಅಳೆಯುವ ರೂಢಿ ಇರಲಿಲ್ಲ. ಗಿರಾಕಿ ಒಂದು ಹಳೆಯ ಕುಬಸ ಕೊಡುತ್ತಾಳೆ, ಅದೇ ಅಳತಿ ಕುಬಸ. ಅದನ್ನು ನೋಡಿ ಹೊಸದನ್ನು ಹೊಲಿಯಬೇಕು. ಹೇಳಲು ಸುಲಭ. ಆದರೆ ಅಳತಿ ಕುಬಸದಷ್ಟು ಸುಳ್ಳು ಹೇಳುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಮುದ್ದೇಬಿಹಾಳದಿಂದ ಒಬ್ಬ ಹೆಂಗಸು, ಮೊಮ್ಮಕ್ಕಳನ್ನು ಆಡಿಸುವವಳು, ತನ್ನ ಲಗ್ನದ ಕುಬಸವನ್ನೇ ಅಳತಿಗೆ ತಂದಿದ್ದಳು. ಹೊಸದರಲ್ಲಿ ನನಗೆ ಬುದ್ಧಿ ಇರಲಿಲ್ಲ. ಅವಳ ಬೀಗರೆಲ್ಲ ಕೂತಿರುವಾಗಲೇ, “ಯಕ್ಕಾ, ಈ ಕುಬಸ ನಿಂದಲ್ಲ, ನಿನ್ನ ಮೊಮ್ಮಗಳದ ಇರಬೇಕು,” ಎಂದುಬಿಟ್ಟೆ. ಬೀಗರು ನಕ್ಕರು. ಅವಳು ಖಣವನ್ನೂ ಅಳತಿ ಕುಬಸವನ್ನೂ ಕಸಿದುಕೊಂಡು ಹೋದಳು. ಮುದ್ದೇಬಿಹಾಳದ ದಾರಿ ನನಗೆ ಎಷ್ಟೋ ವರ್ಷ ಮುಚ್ಚಿತು.

ಮಾತು ಒರಟಾದದ್ದಕ್ಕೆ ಆಕೆ ಹೋಗಲಿಲ್ಲ. ಒರಟು ಮಾತು ನಮ್ಮ ಸೀಮೆಯವರಿಗೆ ಉಪ್ಪಿದ್ದಂತೆ. ನಾಲ್ಕು ಜನರ ಎದುರು ಆಡಿದ್ದಕ್ಕೆ ಹೋದಳು. ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಹೊಲಿದದ್ದನ್ನು ತೊಡಿಸಿ ನೋಡುವಾಗ, ಬಾಗಿಲು ಮುಚ್ಚಿದ ಮೇಲೆ, ಏನು ಬೇಕಾದರೂ ಅನ್ನುತ್ತೇನೆ. “ಉಸರು ಬಿಡು, ಹೊಟ್ಟಿ ಒಳಗ ಎಳಕೋಬ್ಯಾಡ, ಕುಬಸದಾಗ ಉಸರಾಡೂದು ನೀನು, ನಾನಲ್ಲ,” ಎನ್ನುತ್ತೇನೆ. ಬಾಗಿಲು ತೆರೆದ ಮೇಲೆ ನಾನು ಮೂಕಿ. ಯಾರ ಮೈ ಎಷ್ಟು, ಯಾರ ಬೆನ್ನಿನ ಮೇಲೆ ಬಾಸುಂಡೆ ಇದೆ, ಯಾರ ಹೊಟ್ಟೆ ಈ ತಿಂಗಳು ತುಂಬಿದೆ, ಇವನ್ನು ಕುಬಸ ಹೊಲಿಯುವವಳು ಗಂಡನಿಗಿಂತ ಮೊದಲು ತಿಳಿಯುತ್ತಾಳೆ. ತಿಳಿದು ನುಂಗುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವ ಚಟ ನನಗೆ ಹತ್ತಿದ್ದು ಇದಕ್ಕೇ. ಸೂಜಿ ಇದ್ದ ಬಾಯಿಗೆ ಯಾರೂ ಪ್ರಶ್ನೆ ಹಾಕುವುದಿಲ್ಲ.

ಒಮ್ಮೆ ನಮ್ಮ ಸಂಘದ ಹೆಂಗಸರಿಗೆ ಉದ್ಯೋಗದ ತರಬೇತಿ ಕೊಡಲು ಒಬ್ಬ ಹುಡುಗಿ ಬಂದಿದ್ದಳು. ಗಿರಾಕಿ ಬಂದೊಡನೆ ಮುಗುಳ್ನಗಬೇಕು, ವಿಶ್ವಾಸ ಬೆಳೆಯುತ್ತದೆ ಎಂದು ಹೇಳಿದಳು. ನನ್ನನ್ನು ಎಬ್ಬಿಸಿ ನಗಿಸಿ ತೋರಿಸಿದಳು. ಬಾಯಿಯೊಳಗಿನ ಸೂಜಿ ಕಂಡು ತಾನೇ ಎರಡು ಹೆಜ್ಜೆ ಹಿಂದೆ ಸರಿದಳು. ಒಳ್ಳೆಯ ಹುಡುಗಿ. ಹೋಗುವಾಗ ನನ್ನ ಹತ್ತಿರವೇ ಒಂದು ಕುಬಸ ಹೊಲಿಸಿಕೊಂಡು ಹೋದಳು.

ನನ್ನ ವ್ಯಾಪಾರದಲ್ಲಿ ಅರ್ಧ ಪಾಲು ಹುಸೇನಬಿಯದು. ಬಳೆಗಾರ್ತಿ. ನಮ್ಮ ಓಣಿಯವಳೇ, ಅವಳ ಅಜ್ಜ ನನ್ನ ಅತ್ತೆಗೆ ಬಳೆ ಇಟ್ಟವನು. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದಳು. ಬರುವಾಗ ಖಣ ಮತ್ತು ಅಳತಿ ಕುಬಸ ತರುತ್ತಿದ್ದಳು, ಹೋಗುವಾಗ ಹೊಲಿದದ್ದನ್ನು ಒಯ್ಯುತ್ತಿದ್ದಳು. ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿತ್ತು. ಅಳತಿ ಕುಬಸ ಸುಳ್ಳು ಹೇಳಿದರೆ ನಾನು ಅವಳನ್ನು ಕೇಳುತ್ತಿದ್ದೆ.

“ಹುಸೇನಿ, ಬಾಗೇವಾಡಿ ಟೀಚರಗ ಈ ಸಲ ಯಾವ ಅಳತಿ ಬಳಿ ಏರಿಸಿದಿ?”

“ಒಂದ ಅಳತಿ ಜಾಸ್ತಿ. ಸಾಬಾಣ ಹಚ್ಚಿ ಏರಿಸೇನಿ. ನಾ ಬೆವತೆ, ಆಕಿ ಅತ್ತಳು.”

ಅಷ್ಟು ಸಾಕು ನನಗೆ. ಕೈ ತುಂಬಿದರೆ ತೋಳು ತುಂಬಿರುತ್ತದೆ, ತೋಳು ತುಂಬಿದರೆ ಬೆನ್ನು. ಒಳಗೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದೆ. ಬಸವನ ಬಾಗೇವಾಡಿಯ ಆ ಟೀಚರು, “ನೀಲವ್ವ, ನೀ ಹೊಲದ್ರ ನಾ ಇನ್ನೂ ಮೊದಲಿನಂಗ ಅದೇನಿ ಅನಸ್ತೈತಿ ನೋಡು,” ಎಂದು ಹೊಗಳುತ್ತಿದ್ದರು. ನಾನು ಹೌದ್ರಿ ಎನ್ನುತ್ತಿದ್ದೆ. ಸೂಜಿ ಬಾಯಲ್ಲೇ ಇರುತ್ತಿತ್ತು.

ಈಗ ಕುಂಚಿಗೆಯ ಸುದ್ದಿಗೆ ಬರುತ್ತೇನೆ.

ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕ ಹೊಸದು. ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಬಸ್ಸು ಕನ್ನೊಳ್ಳಿ ದಾಟಿ ಮುಂದೆ ಹೋಗುತ್ತದೆ ಎನ್ನುತ್ತೇನೆ, ಅಷ್ಟರಲ್ಲೇ ತೃಪ್ತರಾಗಿ. ಅಲ್ಲಿ ದೊಡ್ಡ ಹೊಲಮನೆಯವರ ಸೊಸೆ, ಪಾರವ್ವ ಎನ್ನೋಣ, ಅದೂ ಅವಳ ಹೆಸರಲ್ಲ. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ಮನೆಯಿಂದ ನನಗೆ ಅಲ್ಲಿವರೆಗೆ ಒಂದು ಖಣವೂ ಬಂದಿರಲಿಲ್ಲ. ಆ ಮನೆಯ ಗಿರಾಕಿ ಕೈಗೆ ಬಂದರೆ ಊರೇ ಹಿಂದೆ ಬರುತ್ತದೆ ಎಂದು ನಾನೂ ಹುಸೇನಬಿಯೂ ಕಾಯುತ್ತಿದ್ದೆವು.

ಒಂದು ಮಧ್ಯಾಹ್ನ ಹುಸೇನಬಿ ಬಂದವಳೇ ಬಾಗಿಲು ಹಾಕಿದಳು. ಮಲಾರ ಇಳಿಸಲಿಲ್ಲ, ನೀರು ಕೇಳಲಿಲ್ಲ.

“ನೀಲಕ್ಕ, ಪಾರವ್ವಂದು ಕುಬಸ ಐತಿ.”

ನಮ್ಮ ಕಡೆ ಕುಬಸ ಎಂದರೆ ಎರಡು ಅರ್ಥ. ಒಂದು ಮೈಗೆ ತೊಡುವುದು. ಇನ್ನೊಂದು, ಬಸುರಿಗೆ ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ, ಐದು ನಮೂನೆ ಅಡುಗೆ ಮಾಡಿ ಉಣ್ಣಿಸುವ ಕಾರ್ಯ. ದಕ್ಷಿಣದವರು ಸೀಮಂತ ಎನ್ನುತ್ತಾರೆ. ಯಾವ ಅರ್ಥ ಎಂದು ನಾನು ಕೇಳಬೇಕಾಗಿತ್ತು. ಆದರೆ ಅವಳು ಚೀಲದಿಂದ ತೆಗೆದದ್ದು ಹಸಿರು ಖಣ.

“ಏನಂದಳು? ಇದ್ದದ್ದ ಇದ್ದಂಗ ಹೇಳು.”

“ಅತ್ತಿ ಮಗ್ಗಲದಾಗ ಕುಂತಿದ್ಲು. ಅದಕ್ಕ ಸಣ್ಣ ದನೀಲೆ ಅಂದ್ಳು. ‘ಮುಂದ ಬೇಕಾಗತೈತಿ, ಸಡಲ ಇರಲಿ. ಮನ್ಯಾಗ ಯಾರಿಗೂ ಗೊತ್ತಾಗಬಾರದು’ ಅಂದ್ಳು.”

“ಮುಂದ ಸಡಲ?”

“ಮುಂದ ಸಡಲ. ಮತ್ತ ಬಳಿನೂ ಒಂದ ಅಳತಿ ಜಾಸ್ತಿ ಹಿಡದೈತಿ ಈ ಸಲ. ಅಲ್ಲಾನ ದಯಾ!”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಸಿರು ಖಣ, ತುಂಬಿದ ಕೈ, ಮುಂದೆ ಸಡಿಲ, ಗುಟ್ಟು. ಇನ್ನೇನು ಬೇಕು?

“ಹುಸೇನಿ, ಬಾಯಿ ಬಿಟ್ಟಿ ಅಂದ್ರ ನಿನ್ನ ಮಲಾರ ಒಡೀತೇನಿ.”

“ನಾ ಯಾಕ ಬಿಡ್ಲಿ?” ಎಂದಳು. ಆದರೆ ಬಳೆಗಾರ್ತಿಗೆ ಸುದ್ದಿ ನುಂಗುವುದೆಂದರೆ ಬಿಸಿ ರೊಟ್ಟಿಯನ್ನು ಅಗಿಯದೆ ನುಂಗಿದಂತೆ. ದಿನಾ ಬಂದು ನನ್ನ ಮುಂದೆಯೇ ಆ ಸುದ್ದಿ ಹೇಳಿ ಹಗುರಾಗಿ ಹೋಗುತ್ತಿದ್ದಳು. “ನೀಲಕ್ಕ, ಗೊತ್ತಾತೇನು, ಪಾರವ್ವ ಬಸರ ಅದಾಳಂತ!” ಎಂದು ಹೊಸದಾಗಿ ಕೇಳಿದವಳಂತೆ ಹೇಳುವಳು. “ಹೌದs? ಯಾರಂದ್ರು?” ಎಂದು ನಾನು ಬೆರಗಾಗುವೆ. ಗಟ್ಟಿಯಾಗಿ ನಕ್ಕು ಏಳುವಳು. ಹೀಗೆ ಆ ಸುದ್ದಿ ನಮ್ಮಿಬ್ಬರ ನಡುವೆಯೇ ಸುತ್ತಿ ಸುತ್ತಿ ಸವೆಯಿತು. ಹೊರಗೆ ಹೋಗಲಿಲ್ಲ.

ಮುಂದೆ ಸಡಿಲ ಇಡಲು ಒಂದು ಖಣ ಸಾಲದು. ಬಜಾರಕ್ಕೆ ಹೋಗಿ ಅದೇ ಹಸಿರಿನ ಇನ್ನೊಂದು ತಂದೆ. ಅಳತಿ ಕುಬಸದ ತೋಳು, ಕಂಕುಳು ಇದ್ದಂತೆಯೇ ಹಿಡಿದೆ. ಎದೆ ಹೊಟ್ಟೆಗೆ ಮಾತ್ರ ಉದಾರವಾಗಿ ಬಿಟ್ಟೆ. ಉಳಿದ ಬಟ್ಟೆ ಸುಮ್ಮನೆ ಬಿದ್ದಿತ್ತು. ಬಿದ್ದ ಬಟ್ಟೆ ಕಂಡರೆ ನನಗೆ ಕೈ ತುರಿಸುತ್ತದೆ, ಕುಂಚಿಗೆ ಹೊಲಿದೆ. ಕೂಸು ಹುಟ್ಟುವ ಮೊದಲು ಅದರ ಬಟ್ಟೆ ಹೊಲಿಯಬಾರದು ಎನ್ನುತ್ತಾರೆ. ನಾನು ಅಂಥದ್ದನ್ನೆಲ್ಲ ಅಷ್ಟು ಲೆಕ್ಕಕ್ಕೆ ಇಡುವವಳಲ್ಲ. ಆದರೂ ಹೊಲಿಯುವಾಗ ಬಾಗಿಲು ಹಾಕಿಕೊಂಡಿದ್ದೆ.

ಕುಬಸ ಸಿದ್ಧವಾದಾಗ ಹುಸೇನಬಿಯೊಬ್ಬಳ ಕೈಯಲ್ಲಿ ಕಳಿಸಲು ಧೈರ್ಯವಾಗಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು. ಚೀಲದಲ್ಲಿ ಕುಬಸ, ಅದರೊಳಗೆ ಸುತ್ತಿದ ಕುಂಚಿಗೆ. ಅವಳ ಮಲಾರದಲ್ಲಿ ಹಸಿರು ಬಳೆ ಹೇರಳ.

ಆ ಮನೆಯ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ದೊಡ್ಡ ಮೈ, ಸಣ್ಣ ಕಣ್ಣು. ತೊಗರಿ ಹಸನು ಮಾಡುತ್ತಿದ್ದ ಮೊರವನ್ನು ಪಕ್ಕಕ್ಕೆ ಇಟ್ಟು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

“ಬಳಿಗಾರ್ತಿ ಬಂದದ್ದು ಖರೆ. ಈಕಿ ಯಾರು?”

“ಕುಬಸ ಹೊಲಿಯೂ ನೀಲವ್ವ ನಾನು, ಸಿಂದಗ್ಯಾಕಿ.”

“ಕುಬಸದಾಕಿ ಮನೀತನಕ ಬಂದಾಳಂದ್ರ ಏನರ ಇರಬೇಕು. ಏನೈತಿ ಚೀಲದಾಗ?”

ಹುಸೇನಬಿಯ ಬಾಯಿ ಅರ್ಧ ತೆರೆದದ್ದು ನನಗೆ ಕಂಡಿತು. ಸಂತೋಷದ ಸುದ್ದಿ ತಾನೇ, ಹೇಳಿದರೆ ಬೆಲ್ಲ ಹಂಚುತ್ತಾರೆ, ಈ ಮನೆ ಜನ್ಮದ ಗಿರಾಕಿಯಾಗುತ್ತದೆ. ಅವಳ ಮುಖದಲ್ಲಿ ಇದೆಲ್ಲ ಓಡುತ್ತಿತ್ತು. ನಾನು ಅವಳ ಹಿಮ್ಮಡಿ ತುಳಿದೆ. ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಬಾಯಲ್ಲಿ ಇಟ್ಟುಕೊಂಡು, “ಅಳ್ತಿ ಕುಬ್ಸ... ವಾಪ್ಸ...” ಎಂದು ಹಲ್ಲಿನ ನಡುವೆ ಅಂದೆ.

“ಏನ್ ಅಂತಾಳ ಈಕಿ?”

“ಹಲ್ಲು ನೋವರಿ ಆಕಿಗಿ,” ಎಂದಳು ಹುಸೇನಬಿ, ಹಿಮ್ಮಡಿ ಉಜ್ಜಿಕೊಳ್ಳುತ್ತ.

ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿ, “ಒಳಗ ಹೋಗ್ರಿ,” ಎಂದರು.

ಬೀಸುವ ಕೋಣೆಯಲ್ಲಿ ಪಾರವ್ವ ಕದ ಹಾಕಿ ಕುಬಸ ತೊಟ್ಟಳು. ಎತ್ತರದ ಹೆಂಗಸು, ಚೂಪು ಮೂಗು. ಗಂಟು ಹಾಕಿ, ಹಿಂದೆ ಮುಂದೆ ನೋಡಿಕೊಳ್ಳದೆ, ಬಲಗೈಯನ್ನು ನೆಟ್ಟಗೆ ಜಂತಿಯ ಕಡೆ ಎತ್ತಿದಳು. ಕಂಕುಳಲ್ಲಿ ಹೊಲಿಗೆ ಟಿಕ್ಕೆಂದಿತು.

“ಕೈ ಇಳಸು! ಕೈ ಇಳಸs!” ಹುಸೇನಬಿ ಹಾರಿಬಿದ್ದಳು. “ಇಂಥಾದ್ರಾಗ ಕೈ ಮ್ಯಾಲ ಎತ್ತಬಾರದು, ಕೂಸಿಗೆ ತ್ರಾಸ ಆಕ್ಕೈತಿ!”

“ಯಾ ಕೂಸು?”

ಪಾರವ್ವ ಎತ್ತಿದ ಕೈಯನ್ನು ನಿಧಾನ ಇಳಿಸಿದಳು. ಹೊಟ್ಟೆಯ ಮೇಲೆ ಜೋಲಿಯಾಗಿ ನಿಂತ ಹಸಿರು ಖಣವನ್ನು ನೋಡಿದಳು, ಮುಷ್ಟಿಯಲ್ಲಿ ಹಿಡಿದು ಮುಂದಕ್ಕೆ ಎಳೆದು ನೋಡಿದಳು. ಇನ್ನೂ ಒಬ್ಬಳನ್ನು ಒಳಗೆ ಕೂರಿಸಬಹುದಾಗಿತ್ತು. ಅರ್ಥವಾಯಿತು ಅವಳಿಗೆ. ಬೀಸುವ ಕಲ್ಲಿನ ಮೇಲೆ ಕೂತಳು. ನಾನು ಸೂಜಿ ಉಗುಳಿ, “ತಪ್ಪು ತಿಳಕೊಂಡ್ವಿ. ಕುಬಸ ಅಂದಿ, ಹಸರ ಖಣ ಕೊಟ್ಟಿ,” ಎಂದೆ.

“ಮನ್ಯಾಗ ಇದ್ದದ್ದ ಒಂದ ಹೊಸಾ ಖಣ, ಅದು ಹಸರು ಇತ್ತು,” ಎಂದಳು. “ಯಾರ ಯಾರಿಗೆ ಹೇಳೀರಿ?”

“ಯಾರಿಗೂ ಇಲ್ಲ.”

“ಸುಳ್ಳ ಹೇಳಬ್ಯಾಡ. ಬಳಿಗಾರ್ತಿ ಬಾಯಿ ನನಗ ಗೊತ್ತೈತಿ.”

“ನೀಲಕ್ಕಗ ಹೇಳೇನವಾ,” ಎಂದಳು ಹುಸೇನಬಿ ಅಳುದನಿಯಲ್ಲಿ. “ದಿನಾ ಹೇಳೇನಿ. ಆಕಿಗೊಬ್ಬಾಕಿಗೇ ಹೇಳೇನಿ.”

ಪಾರವ್ವನಿಗೆ ಮೊದಲು ತುಟಿ ನಡುಗಿತು. ಅಳುತ್ತಾಳೆ ಎಂದು ನಾನು ಬೇರೆ ಕಡೆ ನೋಡಿದೆ, ಅಳುವವರ ಎದುರು ನನಗೆ ಕೈಕಾಲು ಎಲ್ಲಿಡಬೇಕೋ ತಿಳಿಯುವುದಿಲ್ಲ. ಆದರೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು, ಯಾವುದು ಯಾವುದಕ್ಕೆ ಎಂದು ನಾನು ಬಿಡಿಸಲು ಹೋಗಲಿಲ್ಲ.

ಆಮೇಲೆ ವಿಷಯ ಹೇಳಿದಳು. ಅವಳು ಪಂಚಾಯಿತಿ ಸದಸ್ಯೆಯಾಗಿದ್ದಳು. ಮಾವ ನಿಲ್ಲಿಸಿದ್ದರು, ಮಾವ ತೋರಿಸಿದಲ್ಲಿ ರುಜು ಹಾಕುತ್ತಿದ್ದಳು. ಗಂಡ ಒಳ್ಳೆಯವನು, ಅಂದರೆ ಮಾತಾಡದವನು. ಊರ ಹೆಂಗಸರಿಗೆ ಗೋಡೆ ಕಟ್ಟಿಸಿ ಸಂಡಾಸ ಮಾಡಿಸುವ ಮಾತು ಬಂದಿತ್ತು. ಇದ್ದ ಒಂದೇ ಸರಕಾರಿ ಜಾಗ ಇವರ ಹಿತ್ತಿಲಿಗೆ ಹತ್ತಿತ್ತು, ಮಾವ ಅಲ್ಲಿ ಜೋಳದ ಕಣಿಕೆಯ ಬಣವಿ ಒಟ್ಟುತ್ತಿದ್ದರು. ಹಿಂದಿನ ಸಭೆಯಲ್ಲಿ, ಆಗಬೇಕು ಎನ್ನುವವರು ಕೈ ಎತ್ತಿ ಎಂದಾಗ ಪಾರವ್ವ ತಡೆಯಲಾರದೆ ಕೈ ಎತ್ತಿದಳಂತೆ. ಕಂಕುಳಲ್ಲಿ ಕುಬಸ ಪರ್ರೆಂದು ಹರಿಯಿತು. ಗಂಡಸರ ನಡುವೆ ಮೈ ಮುಚ್ಚಿಕೊಳ್ಳಲು ಕೈ ಇಳಿಸಿದಳು. ಇಳಿದ ಕೈಯನ್ನು ಯಾರು ಲೆಕ್ಕ ಹಿಡಿಯುತ್ತಾರೆ? ಗೊಂದಲದಲ್ಲಿ ಮಾತು ಮುಂದಿನ ಸಭೆಗೆ ಹೋಯಿತು.

“ನಾಳೆ ಐತಿ ಆ ಸಭೆ,” ಎಂದಳು. “ಮುಂದ ಬೇಕಾಗತೈತಿ, ಸಡಲ ಇರಲಿ ಅಂದೆ. ಮುಂದ ಅಂದ್ರ ಇನ್ನ ಮ್ಯಾಲ ಅಂತ! ಹೊಟ್ಟಿ ಮುಂದ ಅಂತಲ್ಲ! ಈ ಸಲ ಕೈ ಇಳೀತಂದ್ರ ಮುಗೀತು. ಮಾವ ಅಷ್ಟರಾಗ ಆ ಜಾಗಕ್ಕ ತಮ್ಮ ಗ್ವಾಡಿ ಎಬ್ಬಸ್ತಾರ. ನಾವು ಹೆಂಗಸ್ರು ತಂಬಗಿ ಹಿಡದು ಕತ್ತಲಿ ಕಾಯೂದು, ಕಾಯೂದs.”

ನನಗೆ ಆಗ ಆಡು ನೆನಪಾಯಿತು. ಬೇವಿನ ಎಲೆಗೆ ಮುಂಗಾಲು ಎತ್ತಿ ನಿಂತ ನಮ್ಮ ಆಡು. ಖಣದ ಕುಬಸವನ್ನು ನಾವು ತಲೆತಲಾಂತರದಿಂದ ಬಿಗಿ ಹೊಲಿದುಕೊಂಡು ಬಂದವರು. ರೊಟ್ಟಿ ಬಡಿಯಲು ಬರುತ್ತದೆ, ಕಸ ಹೊಡೆಯಲು ಬರುತ್ತದೆ, ಕಾಲಿಗೆ ಬೀಳಲು ಬರುತ್ತದೆ. ಭುಜದ ಮೇಲೆ ಕೈ ಎತ್ತುವ ಕೆಲಸ ಹೆಂಗಸಿಗೆ ಬರಬಹುದು ಎಂದು ಯಾವ ಹೊಲಿಯುವವಳೂ ಅಂದುಕೊಂಡಿರಲಿಲ್ಲ, ನಾನೂ ಸೇರಿ.

“ಬಿಚ್ಚು,” ಎಂದೆ.

ಕಂಕುಳ ಹೊಲಿಗೆ ಬಿಚ್ಚಿ ಎರಡು ಕಡೆ ಒಂದೊಂದು ಚೌಕ ತುಂಡು ಕೂರಿಸಬೇಕು, ಆಗ ತೋಳು ಆಡುತ್ತದೆ. ಬಟ್ಟೆ ಎಲ್ಲಿ? ಹೊಟ್ಟೆಯ ಸಡಿಲ ಕತ್ತರಿಸೋಣವೆಂದರೆ ಗಂಟಿನ ಅಂಚೇ ಹೋಗುತ್ತದೆ. ನಾನು ಚೀಲಕ್ಕೆ ಕೈ ಹಾಕಿ ಕುಂಚಿಗೆ ತೆಗೆದೆ. ಹುಸೇನಬಿ, “ನೀಲಕ್ಕ, ಬ್ಯಾಡ,” ಎಂದಳು. ಪಾರವ್ವ ಅದನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿದಳು. ತುದಿಗೆ ಹಚ್ಚಿದ ಸಣ್ಣ ಗೊಂಡೆಯನ್ನು ಬೆರಳಿನಿಂದ ಅಲ್ಲಾಡಿಸಿದಳು.

“ಛಂದ ಹೊಲದೀಯಲ್ಲಾ,” ಎಂದಳು. ಆಮೇಲೆ ನನ್ನ ಕೈಗೆ ಕೊಟ್ಟು, “ಬೆನ್ನಾಗಿಂದು ಕತ್ತರಸು. ಟೋಪಿ ಕೆಡಸಬ್ಯಾಡ,” ಎಂದಳು.

ಕತ್ತರಿಸಿ, ಉಳಿದ ಕುಂಚಿಗೆಯನ್ನು ಚೀಲಕ್ಕೆ ಹಾಕಿದೆ. ಹೊರಗೆ ಅತ್ತೆಯ ಮೊರದ ಸದ್ದು ನಿಂತಿತ್ತು, ಅವರು ಕಿವಿ ಇಟ್ಟಿದ್ದಾರೆ ಎಂದು ಮೂವರಿಗೂ ಗೊತ್ತಿತ್ತು. ಹುಸೇನಬಿ ಬಳೆ ತೋರಿಸುವವಳಂತೆ ಮಲಾರ ಗಲಗಲ ಅಲ್ಲಾಡಿಸುತ್ತ ಕೂತಳು. ನಾನು ಕೈಹೊಲಿಗೆಯಲ್ಲೇ ಎರಡು ಕಂಕುಳು ಮುಗಿಸಿದೆ, ಮುಂದಿನ ಸಡಿಲವನ್ನು ಒಳಗೆ ಮಡಚಿ ಹಿಡಿದೆ. ಪಾರವ್ವ ತೊಟ್ಟು ಕೈ ಎತ್ತಿದಳು. ಬಲಗೈ, ಎಡಗೈ, ಆಮೇಲೆ ಎರಡೂ. ಜಂತಿ ಮುಟ್ಟಿದಳು. ಹೊಲಿಗೆ ಉಸಿರೆತ್ತಲಿಲ್ಲ.

ಮರುದಿನದ ಸುದ್ದಿಯನ್ನು ಹುಸೇನಬಿ ತಂದಳು. ಪಂಚಾಯಿತಿ ಬಾಗಿಲಲ್ಲೇ ಮಲಾರ ಇಳಿಸಿ ಕೂತಿದ್ದಳಂತೆ. ಈ ಸಲ ನುಂಗುವ ಕಷ್ಟ ಇರಲಿಲ್ಲ, ಬಸ್ಸಿನಿಂದ ಇಳಿಯುತ್ತಲೇ ಕೂಗುತ್ತ ಬಂದಳು.

“ಎತ್ತಿದಳs ನೀಲಕ್ಕ! ಎತ್ತಿದ್ದು ಇಳಸಲೇ ಇಲ್ಲ! ಮಾವ ಕೆಮ್ಮಿದ, ಕಣ್ಣ ಬಿಟ್ಟ, ಟೋಪಿ ತಗದು ಮತ್ತ ಹಾಕ್ಕೊಂಡ. ಈಕಿ ಕೈ ಹಂಗs ಕಂಬ ನಿಂತಂಗ! ಮಗ್ಗಲದಾಗ ಇನ್ನೊಬ್ಬಾಕಿ ಮೆಂಬರ ಅದಾಳಲ್ಲ, ಆ ಮುದಕಿ, ಇಷ್ಟ ದಿನಾ ತೂಕಡಿಸ್ತಿದ್ದಾಕಿ, ಈಕಿ ಕೈ ನೋಡಿ ತಾನೂ ಎತ್ತೇಬಿಟ್ಲು! ಆಕಿ ಕುಬಸ ಪರ್ರಂತು!”

“ಇಳಿಸಿದ್ಲೇನು?”

“ಎಲ್ಲೀದು! ‘ಹರದ್ರ ಹರೀಲಿ, ಬರಕೋರಿ ನಂದೂ ಒಂದ ಕೈ’ ಅಂದ್ಲು!”

ಸಂಡಾಸ ಆಯಿತು. ಮಾವನ ಬಣವಿ ಬೇರೆ ಕಡೆ ಹೋಯಿತು. ಸ್ವಲ್ಪ ದಿನ ಆ ಮನೆಯಲ್ಲಿ ಸೊಸೆಯ ಜೊತೆ ಮಾತು ಬಿಟ್ಟರಂತೆ. ನಮಗೂ ಆ ಮನೆಯ ಗಿರಾಕಿ ಕೈಬಿಟ್ಟಿತು ಎಂದೇ ನಾನು ತಿಳಿದೆ. ಯಾರ ಕೈಯಲ್ಲಿ ಸೂಜಿ ಇತ್ತು ಎಂಬುದು ಅತ್ತೆಗೆ ತಿಳಿಯದೆ ಇರುತ್ತದೆಯೇ?

ಜೋಳದ ಸುಗ್ಗಿಯ ಹೊತ್ತಿಗೆ ಹುಸೇನಬಿ ಒಂದು ಗಂಟು ತಂದು ನನ್ನ ಮುಂದೆ ಹಾಕಿದಳು. ಬಿಚ್ಚಿದರೆ ಒಂದು ಕರಿ ಖಣ, ಒಂದು ಅಗಲವಾದ ಅಳತಿ ಕುಬಸ. ಸುಳ್ಳು ಹೇಳದ ಅಳತಿ ಕುಬಸವನ್ನು ನಾನು ಅಂದೇ ಮೊದಲು ಕಂಡದ್ದು. ಅತ್ತೆಯದು.

“ಏನಂದ್ರು?”

“ಕಂಕುಳಾಗ ಸಡಲ ಇರಲಿ ಅಂದ್ರು.”

“ಅವರು ಮೆಂಬರ ಅಲ್ಲ, ಏನಲ್ಲ. ಅವರಿಗ್ಯಾಕ?”

“ನಾನೂ ಕೇಳಿದೆ. ‘ಗ್ವಾಡಿ ಮ್ಯಾಲಿನ ಮಾಡದಾಗಿನ ಡಬ್ಬಿ ತಕ್ಕೊಳ್ಳಾಕ’ ಅಂದ್ರು. ಮತ್ತ ನಿನಗೊಂದು ಮಾತು ಹೇಳು ಅಂದಾರ. ‘ಆಕಿ ಹಲ್ಲು ನೋವು ಕಡಿಮಿ ಆಗಬಾರದು. ಹಂಗ ಇದ್ರ ನನ್ನ ಕುಬಸ ಜೀವ ಇರೂತನಕ ಆಕೀನs ಹೊಲೀಲಿ’ ಅಂದ್ರು.”

ಆಮೇಲೆ ಆ ಊರಿನಿಂದ ಬಂದ ಅಳತಿ ಕುಬಸಗಳನ್ನು ಇಡಲು ನನ್ನ ಮನೆಯಲ್ಲಿ ಗೂಟ ಸಾಲಲಿಲ್ಲ. ಅಲ್ಲಿಂದ ಇಂಡಿಯ ಕಡೆಗೆ, ಬಾಗೇವಾಡಿಯ ಕಡೆಗೆ ಮಾತು ಹೋಯಿತು. ಕೊನೆಗೆ ಮುದ್ದೇಬಿಹಾಳದ ಆ ಅಜ್ಜಿಯೂ ಬಂದಳು, ಈ ಸಲ ತನ್ನದೇ ಕುಬಸ ಹಿಡಿದುಕೊಂಡು. ಎಲ್ಲರದೂ ಒಂದೇ ಮಾತು, ಕಂಕುಳಾಗ ಸಡಲ ಇರಲಿ. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಎಲ್ಲರ ಮನೆಯ ಮಾಡದಲ್ಲೂ ಡಬ್ಬಿ ಇರುತ್ತದೆ.

ಇದನ್ನು ಬರೆಯುವ ಮೊದಲು ಪಾರವ್ವನಿಗೆ ಫೋನು ಮಾಡಿಸಿದೆ. ಕೇಳದೆ ಬರೆದರೆ ನನ್ನ ಮುಪ್ಪಿನ ಮಾನ ಹೋಗುತ್ತದೆ. ಈಗ ಅವಳಿಗೂ ತಲೆ ನರೆತಿದೆ, ದನಿ ಮಾತ್ರ ಗಟ್ಟಿ.

“ಕೈ ಎತ್ತಿದ್ದು ಬರಿ,” ಎಂದಳು. “ಸಂಡಾಸದ್ದು ಬರಿ. ಹುಸೇನಬಿ ದಿನಾ ನಿನಗ ಹೇಳಿದ್ದಂತೂ ಬಿಡದ ಬರಿ. ಮುಂದಿಂದು ಬರೀಬ್ಯಾಡ.”

“ಮುಂದ ಅಂದ್ರ?” ಎಂದು ಕೇಳಿದೆ. ಈಗ ನಾನು ಆ ಮಾತು ಬಂದರೆ ಕೇಳಿಯೇ ಮುಂದುವರಿಯುವುದು.

ಫೋನಿನಲ್ಲಿ ಅವಳು ನಕ್ಕ ಸದ್ದು ನನ್ನ ಸೊಸೆಗೂ ಕೇಳಿಸಿತು.

ಆಮೇಲೆ ಅವಳಿಗೆ ಮಕ್ಕಳಾದವೇ ಎಂದು ಓದುವವರು ಕೇಳುತ್ತೀರಿ. ನನ್ನ ಸೊಸೆಯೂ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ತೂತು ಬಿದ್ದ ಕುಂಚಿಗೆ ನನ್ನ ಟ್ರಂಕಿನಲ್ಲೇ ಉಳಿದಿದೆ ಎಂದು ನೀವು ಏನನ್ನೂ ಲೆಕ್ಕ ಹಾಕಬೇಡಿ. ನಾನು ಇನ್ನೊಂದು ಹೊಲಿದಿರಬಹುದು. ಹೊಲಿಯದೆ ಇರಬಹುದು. ನನಗೆ ಈಗ ಹಲ್ಲು ಬಹಳ ನೋಯುತ್ತಿದೆ.